ಡಾನ್ಯೂಬ್ ನಡುಗಡ್ಡೆಯ ಈಜುಗೊಳ

ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ಎಂಬುದು ಮೊದಲಿಗೆ ಒಂದೇ ಊರಾಗಿರಲಿಲ್ಲ. ಡಾನ್ಯೂಬ್ ಮಹಾನದಿಯ ಬಲದಂಡೆಯ ಗುಡ್ಡಗಳಲ್ಲಿ ಬುಡಾ ಮತ್ತು ಹಳೆಯ ಬುಡಾ, ಎಡದಂಡೆಯ ಬಯಲಿನಲ್ಲಿ ಪೆಸ್ಟ್, ಹೀಗೆ ಮೂರು ಊರುಗಳು 1873ರಲ್ಲಿ ಕೂಡಿಕೊಂಡು ಈ ಜೋಡುಹೆಸರನ್ನು ಪಡೆದವು. ಎರಡು ದಂಡೆಗಳ ನಡುವೆ ನದಿಯು ಬಹು ವಿಶಾಲವಾಗಿ, ಅವಸರವಿಲ್ಲದ ಗೃಹಿಣಿಯಂತೆ ಗಂಭೀರವಾಗಿ ಹರಿಯುತ್ತದೆ. ಅದರ ಮಧ್ಯದಲ್ಲಿ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಒಂದು ನಡುಗಡ್ಡೆಯುಂಟು. ಅದಕ್ಕೆ ಮಾರ್ಗರೆಟ್ ದ್ವೀಪವೆಂದು ಹೆಸರು. ಹದಿಮೂರನೆಯ ಶತಮಾನದಲ್ಲಿ ನಾಲ್ಕನೆಯ ಬೇಲಾ ಎಂಬ ಅರಸನ ಮಗಳು ರಾಜಭೋಗವನ್ನು ತೊರೆದು ಅಲ್ಲಿನ ಮಠದಲ್ಲಿ ಸಂನ್ಯಾಸಿನಿಯಾಗಿದ್ದಳಂತೆ. ಮಠದ ಗೋಡೆಗಳ ಅವಶೇಷಗಳು ಇಂದಿಗೂ ಮರಗಳ ನಡುವೆ ನಿಂತಿವೆ.

ನಾವು ಆ ಪಟ್ಟಣಕ್ಕೆ ಹೋದದ್ದು ಈಜನ್ನು ನೋಡುವ ಉದ್ದೇಶದಿಂದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂಸ್ಕೃತವನ್ನು ಓದಿ, ಅದನ್ನೇ ಮಕ್ಕಳಿಗೆ ಓದಿಸಿ ಕಾಲ ಕಳೆದವರು ನಾವು. ಕೊರೊಶಿ ಚೊಮಾ ಶಾಂಡೋರ್ ಎಂಬ ಹಂಗೇರಿಯ ಪಂಡಿತನು ತನ್ನ ಜನಾಂಗದ ಮೂಲವನ್ನು ಹುಡುಕುತ್ತ ಕಾಲ್ನಡಿಗೆಯಿಂದಲೂ ಒಂಟೆಗಳ ಸಾಲಿನೊಡನೆಯೂ ಪ್ರಯಾಣಮಾಡಿ ನಮ್ಮ ಹಿಮಾಲಯದವರೆಗೆ ಬಂದು, ಮೂಲವನ್ನು ಕಾಣದೆ, ಅದಕ್ಕೆ ಬದಲಾಗಿ ಟಿಬೆಟ್ ಭಾಷೆಯ ನಿಘಂಟನ್ನು ರಚಿಸಿ 1834ರಲ್ಲಿ ಕಲಕತ್ತೆಯಲ್ಲಿ ಅಚ್ಚುಮಾಡಿಸಿದನು. ಸಂಸ್ಕೃತ ಮತ್ತು ಟಿಬೆಟ್ ಪದಗಳ ಕೋಶವೊಂದನ್ನೂ ಸಿದ್ಧಪಡಿಸಿದನು. 1842ರ ಏಪ್ರಿಲ್ 11ರಂದು ಡಾರ್ಜಿಲಿಂಗಿನಲ್ಲಿ ಜ್ವರದಿಂದ ತೀರಿಕೊಂಡನು. ಸಮಾಧಿಯೂ ಅಲ್ಲಿಯೇ ಇದೆ. ಆತನ ಹೆಸರಿನ ಗ್ರಂಥಸಂಗ್ರಹವು ಬುಡಾಪೆಸ್ಟಿನ ವಿದ್ವತ್ಪರಿಷತ್ತಿನ ಭಂಡಾರದಲ್ಲಿರುವುದೆಂದು ತಿಳಿದು ನಾವು ಹೋದದ್ದು. ಆ ವಿಷಯವನ್ನು ಬೇರೊಂದು ಸಂದರ್ಭದಲ್ಲಿ ಬರೆಯೋಣ. ಆ ಕಾರ್ಯವು ಎರಡೇ ದಿನಗಳಲ್ಲಿ ಮುಗಿದು, ಮೂರನೆಯ ದಿನ ಏನು ಮಾಡುವುದೆಂದು ಬಿಡಾರದ ಯಜಮಾನಿಯನ್ನು ಕೇಳಲು, ಆ ವೃದ್ಧೆಯು ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅಷ್ಟು ದೂರದಿಂದ ಬಂದವರು ಇನ್ನೂ ನೀರನ್ನೇ ನೋಡಲಿಲ್ಲವೆ ಎಂದು ಕೇಳಿದಳು. ನೀರೆಂದರೆ ನದಿಯೆಂದು ನಾವು ತಿಳಿದೆವು. ಅವಳು ತಲೆಯಲ್ಲಾಡಿಸಿ ಒಂದು ಚೀಟಿಯಲ್ಲಿ ಈಜುಗೊಳದ ಹೆಸರನ್ನು ಬರೆದುಕೊಟ್ಟಳು: ಹಾಯೋಶ್ ಆಲ್ಫ್ರೇಡ್.

ಇಲ್ಲಿ ಒಂದು ಮಾತು. ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳಿ ವ್ಯಕ್ತಿಯ ಹೆಸರನ್ನು ಅನಂತರ ಹೇಳುವರು. ಊರಿನ ಮತ್ತು ತಂದೆಯ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡು ನಡೆಯುವ ನಮಗೆ ಈ ಪದ್ಧತಿಯು ಯುರೋಪಿನಲ್ಲಿಯೇ ಅತ್ಯಂತ ಆಪ್ತವಾಗಿ ಕಂಡಿತು. ಈ ಲೇಖನದಲ್ಲಿಯೂ ಆ ಜನರ ಹೆಸರುಗಳನ್ನು ಅವರ ಕ್ರಮದಲ್ಲಿಯೇ ಬರೆದಿದ್ದೇವೆ.

ಹಳದಿ ಬಣ್ಣದ ಟ್ರಾಮ್ ಗಾಡಿಯು ಮಾರ್ಗರೆಟ್ ಸೇತುವೆಯ ನಟ್ಟನಡುವೆ ನಿಲ್ಲುತ್ತದೆ. ಸೇತುವೆಯು ನೇರವಾಗಿಲ್ಲ, ನಡುವಿನಲ್ಲಿ ಮೊಣಕೈಯಂತೆ ಬಾಗಿದೆ. ಆ ಬಾಗಿನಿಂದ ದ್ವೀಪಕ್ಕೆ ದಾರಿ ಇಳಿಯುತ್ತದೆ. ಬೆಳಗಿನ ಆರೂವರೆ ಗಂಟೆಗೇ ಜನ ನಡೆದಾಡುತ್ತಿದ್ದರು, ಓಡುತ್ತಿದ್ದರು. ಎಡಗಡೆಗೆ ಸ್ವಲ್ಪ ನಡೆದರೆ ಈಜುಗೊಳದ ಕಟ್ಟಡ. ಒಳಗೆ ಹೋಗುವಾಗ ನಾವು ಹೆಂಗಸರ ಬಾಗಿಲನ್ನೇ ತಳ್ಳಿಬಿಡುತ್ತಿದ್ದೆವು. ಯುರೋಪಿನ ಬಹುಪಾಲು ಭಾಷೆಗಳು ಸಂಸ್ಕೃತಕ್ಕೆ ದೂರದ ಜ್ಞಾತಿಗಳಾದ್ದರಿಂದ ಎಲ್ಲಿಯಾದರೂ ಒಂದು ಧಾತುವಾದರೂ ಕೈಹಿಡಿದು ಕಾಪಾಡುತ್ತದೆ. ಹಂಗೇರಿಯ ಭಾಷೆಯು ಆ ವಂಶಕ್ಕೆ ಸೇರಿದುದಲ್ಲ. ಆದುದರಿಂದ ಬಾಗಿಲ ಮೇಲಿನ ಬರಹದ ಮುಂದೆ ನಮ್ಮ ನಾಲ್ವತ್ತು ವರ್ಷದ ವ್ಯಾಕರಣವೆಲ್ಲ ನಿರರ್ಥಕವಾಯಿತು. ಒಬ್ಬ ಬಾಲಕನು ತೋಳು ಹಿಡಿದು ಬೇರೆ ಕಡೆಗೆ ತಿರುಗಿಸಿದನು.

ಹೊರಗಿನ ಗೋಳವು ಐವತ್ತು ಮೀಟರು ಉದ್ದ. ತಣ್ಣನೆಯ ಗಾಳಿಯಲ್ಲಿ ಬೆಚ್ಚನೆಯ ನೀರಿನಿಂದ ಆವಿಯು ಎದ್ದು, ಈಜುವವರ ತೋಳುಗಳು ಮಾತ್ರ ಮೋಡದಿಂದ ಹೊರಬಂದು ಮುಳುಗುವಂತೆ ಕಾಣುತ್ತಿತ್ತು. ಈ ಪಟ್ಟಣದ ನೆಲದಡಿಯಲ್ಲಿ ಎಲ್ಲೆಲ್ಲಿಯೂ ಬಿಸಿನೀರಿನ ಊಟೆಗಳಿವೆ. ತುರ್ಕರ ಕಾಲದ ಸ್ನಾನಗೃಹಗಳು ಇಂದಿಗೂ ನಡೆಯುತ್ತಿವೆ. ಈ ದ್ವೀಪದಲ್ಲಿಯೇ 1866–67ರಲ್ಲಿ ಜಿಗ್ಮಂಡಿ ಎಂಬ ಎಂಜಿನಿಯರನು ಕೊರೆದು ಬಿಸಿನೀರನ್ನು ಮೇಲಕ್ಕೆ ತಂದನು. ಸಮುದ್ರವೇ ಇಲ್ಲದ ಒಂದು ಸಣ್ಣ ದೇಶವು ಈಜಿನಲ್ಲಿ ದೊಡ್ಡ ದೊಡ್ಡ ದೇಶಗಳೊಡನೆ ಸರಿಸಮವಾಗಿ ನಿಲ್ಲುವುದು ಹೇಗೆಂದು ಆಶ್ಚರ್ಯಪಡುವವರು, ಚಳಿಗಾಲದಲ್ಲಿಯೂ ಮಗುವನ್ನು ನೀರಿಗಿಳಿಸಬಹುದಾದ ಈ ಸೌಕರ್ಯವನ್ನು ಮೊದಲು ನೆನೆಯಬೇಕು.

ಗೋಳಕ್ಕೆ ಯಾರ ಹೆಸರಿದೆಯೋ ಆ ಹಾಯೋಶನ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. 1878ರಲ್ಲಿ ಇದೇ ಊರಿನ ಯೆಹೂದಿ ಮನೆಯಲ್ಲಿ ಹುಟ್ಟಿದ ಆತನ ನಿಜವಾದ ಹೆಸರು ಗುಟ್‌ಮನ್ ಆರ್ನೋಲ್ಡ್. ಹದಿಮೂರನೆಯ ವಯಸ್ಸಿನಲ್ಲಿ ತಂದೆಯು ಡಾನ್ಯೂಬಿನಲ್ಲಿ ಮುಳುಗಿ ಸತ್ತನು. ತಂದೆಯನ್ನು ನುಂಗಿದ ನೀರಿಗೆ ಮಗನನ್ನು ಮತ್ತೆ ಬಿಡುವ ತಾಯಿ ನಮ್ಮ ಕಡೆ ಸಿಕ್ಕುವುದು ಕಷ್ಟ. ಕೆರೆಯಲ್ಲಿ ನಮ್ಮ ವಾರಿಗೆಯ ಒಬ್ಬ ಹುಡುಗನು ಹೋದನೆಂಬ ಕಾರಣಕ್ಕೇ ನಮ್ಮ ಮಾತೃಶ್ರೀಯವರು ನಮ್ಮನ್ನು ಜನ್ಮಪರ್ಯಂತ ದಡದಲ್ಲಿ ಕೂರಿಸಿಬಿಟ್ಟರು. ಹಾಗಾಗಿ ಈ ಅರವತ್ತನೆಯ ವಯಸ್ಸಿನಲ್ಲಿಯೂ ನಮಗೆ ಈಜು ಬಾರದು. ಆ ಬಾಲಕನಾದರೋ ಈಜನ್ನು ಕಲಿಯಲೇಬೇಕೆಂದು ನಿಶ್ಚಯಿಸಿದನು. ಮುಂದೆ ಹಾಯೋಶ್ ಎಂಬ ಹೆಸರನ್ನು ತಾನೇ ಇಟ್ಟುಕೊಂಡನು. ಆ ಪದಕ್ಕೆ ಅವರ ಭಾಷೆಯಲ್ಲಿ ನಾವಿಕನೆಂದು ಅರ್ಥ.

1896ರಲ್ಲಿ ಅಥೆನ್ಸಿನಲ್ಲಿ ಹೊಸ ಕಾಲದ ಮೊದಲನೆಯ ಒಲಿಂಪಿಕ್ ಕ್ರೀಡೆಗಳು ನಡೆದಾಗ ಈಜಿಗೆಂದು ಕಟ್ಟಿದ ಗೋಳವಿರಲಿಲ್ಲ. ಪಿರೇಯಸ್ ರೇವಿನ ಬಳಿಯ ಜಿಯಾ ಕೊಲ್ಲಿಯ ಸಮುದ್ರವೇ ಗೋಳ. ನೀರಿನ ಉಷ್ಣತೆ ಸುಮಾರು 13 ಡಿಗ್ರಿ, ಅಲೆಗಳು ಬೇರೆ. ಹದಿನೆಂಟರ ಆ ಯುವಕನು 100 ಮೀಟರನ್ನು 1 ನಿಮಿಷ 22.2 ಸೆಕೆಂಡಿನಲ್ಲಿ ಈಜಿ ಗೆದ್ದು, ಅದೇ ದಿನ 1200 ಮೀಟರು ಸ್ಪರ್ಧೆಗೂ ನಿಂತನು. ದೋಣಿಗಳಲ್ಲಿ ಸ್ಪರ್ಧಾಳುಗಳನ್ನು ಕೊಂಡೊಯ್ದು ಸಮುದ್ರದಲ್ಲಿ ಬಿಟ್ಟು, ದಡಕ್ಕೆ ಈಜಿಕೊಂಡು ಬರಬೇಕೆಂಬುದೇ ನಿಯಮ. ಚಳಿಯನ್ನು ತಡೆಯಲು ಮೈಗೆಲ್ಲ ದಪ್ಪನಾಗಿ ಕೊಬ್ಬನ್ನು ಬಳಿದುಕೊಂಡಿದ್ದನಂತೆ. ಗೆಲ್ಲುವ ಆಸೆಗಿಂತ ಬದುಕುವ ಆಸೆಯೇ ಆಗ ಮೇಲಾಗಿತ್ತೆಂದು ಆತನೇ ಮುಂದೆ ಹೇಳಿಕೊಂಡನು. ಅದರಲ್ಲಿಯೂ ಗೆದ್ದನು. ಆ ದಿನ 1896ರ ಏಪ್ರಿಲ್ 11. ಚೊಮಾ ಪಂಡಿತನ ಪುಣ್ಯತಿಥಿಯ ತಾರೀಖು. ಇದು ಕಾಕತಾಳೀಯವೆಂದು ಬಲ್ಲೆವು. ಆದರೂ ಬರೆಯದೆ ಇರಲಾಗಲಿಲ್ಲ.

ಊರಿಗೆ ಹಿಂದಿರುಗಿದಾಗ ಆತನು ಓದುತ್ತಿದ್ದ ವಿದ್ಯಾಲಯದ ಮುಖ್ಯಸ್ಥರು ಅಭಿನಂದಿಸುವುದಕ್ಕೆ ಬದಲಾಗಿ, ನಿನ್ನ ಪದಕಗಳಿಂದ ನಮಗೇನೂ ಆಗಬೇಕಾದುದಿಲ್ಲ, ಮುಂದಿನ ಪರೀಕ್ಷೆಯಲ್ಲಿ ನೀನು ಕೊಡುವ ಉತ್ತರಗಳನ್ನು ಕೇಳಲು ಕಾದಿದ್ದೇವೆ ಎಂಬ ಅರ್ಥದ ಮಾತನಾಡಿದರೆಂದು ಒಂದು ಕಥೆಯುಂಟು. ಓದಿ ನಕ್ಕೆವು, ಅನಂತರ ನಗು ನಿಂತಿತು. ಆಟಕ್ಕಾಗಿ ಪಾಠ ತಪ್ಪಿಸಿದ ಎಷ್ಟು ಹುಡುಗರಿಗೆ ನಾವೇ ಇಂಥ ಮಾತನ್ನು ಹೇಳಿಲ್ಲ! ಹಾಯೋಶನು ಮಾತ್ರ ಪರೀಕ್ಷೆಗಳನ್ನೂ ಗೆದ್ದು ವಾಸ್ತುಶಿಲ್ಪಿಯಾದನು. 1924ರ ಪ್ಯಾರಿಸ್ ಒಲಿಂಪಿಕ್ಕಿನಲ್ಲಿ ಕಲಾಸ್ಪರ್ಧೆಗಳೂ ಇದ್ದವು. ಅಲ್ಲಿ ಆತನು ಮತ್ತೊಬ್ಬನೊಡನೆ ರಚಿಸಿದ ಕ್ರೀಡಾಂಗಣದ ನಕ್ಷೆಗೆ ಬೆಳ್ಳಿಯ ಪದಕ ದೊರೆಯಿತು. ಅದಾದ ಮೇಲೆ 1930ರಲ್ಲಿ, ತಂದೆಯನ್ನು ಕೊಂದ ಅದೇ ನದಿಯ ನಡುವೆ, ದೇಶದ ಮಕ್ಕಳೆಲ್ಲ ಈಜು ಕಲಿಯಲೆಂದು ಈ ಗೋಳವನ್ನು ಕಟ್ಟಿದನು. ಕಾಂಕ್ರೀಟಿನ ಚಪ್ಪರದ ಕೆಳಗೆ ನಿಂತು ಇದನ್ನು ನೆನೆದಾಗ ನಮಗೆ ಕಟ್ಟಡವೇ ಬೇರೆಯಾಗಿ ಕಂಡಿತು.

ದಡದ ಮೆಟ್ಟಿಲ ಮೇಲೆ ನಮ್ಮ ಪಕ್ಕದಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ಹಿರಿಯರು ಕುಳಿತಿದ್ದರು. ಮೊಮ್ಮಗಳನ್ನು ಕರೆತಂದವರು. ಅವರಿಗೆ ಈಜಿನ ಅಂಕಿಗಳೆಂದರೆ ನಮಗೆ ಅಮರಕೋಶವಿದ್ದಂತೆ. ಲೋಕದ ದಾಖಲೆಯಿರುವಾಗ ಖಂಡದ ದಾಖಲೆಯೆಂಬ ಮತ್ತೊಂದು ಏತಕ್ಕೆ ಬೇಕು, ಎರಡನೆಯವನಿಗೂ ಬಹುಮಾನ ಕೊಡುವ ಉಪಾಯವೇ ಎಂದು ನಾವು ಕೇಳಿದೆವು. ಅವರು ಚೆಹ್ ಲಾಸ್ಲೊ ಎಂಬ ಒಂದು ಹೆಸರನ್ನು ಹೇಳಿ ಸುಮ್ಮನಾದರು; ಬಳಿಕ ವಿವರಿಸಿದರು.

ಚೆಹ್ ಎಂಬುವನು ಉಬ್ಬಸದ ರೋಗಿ. 2008ರ ಬೀಜಿಂಗ್ ಒಲಿಂಪಿಕ್ಕಿನಲ್ಲಿ ಆತನು ಮೂರು ಸ್ಪರ್ಧೆಗಳಲ್ಲಿ ಈಜಿದನು. 400 ಮೀಟರು ಮಿಶ್ರಶೈಲಿಯಲ್ಲಿ 4 ನಿಮಿಷ 6.16 ಸೆಕೆಂಡು; 200 ಮೀಟರು ಚಿಟ್ಟೆಯೀಜಿನಲ್ಲಿ 1 ನಿಮಿಷ 52.70, 200 ಮೀಟರು ಮಿಶ್ರಶೈಲಿಯಲ್ಲಿ 1 ನಿಮಿಷ 56.52. ಮೂರೂ ಯುರೋಪು ಖಂಡದ ಹೊಸ ದಾಖಲೆಗಳು. ಆ ಖಂಡದಲ್ಲಿ ಹುಟ್ಟಿದ ಯಾವ ಗಂಡಸೂ ಅದುವರೆಗೆ ಅಷ್ಟು ಬೇಗ ಈಜಿರಲಿಲ್ಲ. ಆದರೂ ಮೂರರಲ್ಲಿಯೂ ಆತನಿಗೆ ದೊರೆತದ್ದು ಎರಡನೆಯ ಸ್ಥಾನವೇ. ಏಕೆಂದರೆ ಮೂರರಲ್ಲಿಯೂ ಮುಂದೆ ಇದ್ದವನು ಅಮೆರಿಕದ ಮೈಕೆಲ್ ಫೆಲ್ಪ್ಸ್. ಆ ಒಂದೇ ಕೂಟದಲ್ಲಿ ಎಂಟು ಚಿನ್ನಗಳನ್ನು ಗೆದ್ದ ಮಹಾಶೂರನಾತ. ಸೂರ್ಯನಿರುವಾಗ ಚಂದ್ರನಿಗೆ ಬೆಳಕಿಲ್ಲವೆಂದು ನಾವು ಶ್ಲೋಕಗಳಲ್ಲಿ ಓದಿಕೊಂಡದ್ದೇ. ಆದರೆ ಖಂಡದ ದಾಖಲೆಯ ಪುಸ್ತಕದಲ್ಲಿ ಚಂದ್ರನ ಬೆಳಕಿಗೂ ಅಳತೆಯಿದೆ. 2016ರ ರಿಯೊ ಒಲಿಂಪಿಕ್ಕಿನ 100 ಮೀಟರು ಚಿಟ್ಟೆಯೀಜಿನಲ್ಲಿ ಈ ಕಥೆಗೆ ಒಂದು ವಿಚಿತ್ರವಾದ ಉತ್ತರಾರ್ಧವು ನಡೆಯಿತು. ಚೆಹ್, ಫೆಲ್ಪ್ಸ್, ದಕ್ಷಿಣ ಆಫ್ರಿಕದ ಚಾಡ್ ಲೆ ಕ್ಲೋ, ಮೂವರೂ 51.14 ಸೆಕೆಂಡಿನಲ್ಲಿ ಒಟ್ಟಿಗೇ ಗೋಡೆ ಮುಟ್ಟಿ ಮೂವರೂ ಬೆಳ್ಳಿಯನ್ನು ಹಂಚಿಕೊಂಡರು. ಅವರೆಲ್ಲರಿಗಿಂತ ಮುಂದೆ 50.39ರಲ್ಲಿ ಬಂದವನು ನಮ್ಮ ಏಷ್ಯದವನು, ಸಿಂಗಪುರದ ಜೋಸೆಫ್ ಸ್ಕೂಲಿಂಗ್. ಆ ಪುಟ್ಟ ದೇಶಕ್ಕೆ ಅದೇ ಮೊದಲನೆಯ ಒಲಿಂಪಿಕ್ ಚಿನ್ನ. ಏಷ್ಯಕ್ಕೆ ಹೊಸ ದಾಖಲೆ. ಇದನ್ನು ಹೇಳುವಾಗ ಹಿರಿಯರು ನಮ್ಮ ಕೈಕುಲುಕಿದರು, ನಾವೇ ಈಜಿ ಬಂದವರಂತೆ!

ಲೋಕದ ದಾಖಲೆಯೂ ಖಂಡದ ದಾಖಲೆಯೂ ಒಮ್ಮೊಮ್ಮೆ ಒಂದೇ ಆಗಿದ್ದು ಬಳಿಕ ಬೇರೆಯಾಗುವುದುಂಟು. ಹೊಸ್ಸೂ ಕಟಿಂಕಾ ಎಂಬಾಕೆಯು 2016ರಲ್ಲಿ 400 ಮೀಟರು ಮಿಶ್ರಶೈಲಿಯನ್ನು 4 ನಿಮಿಷ 26.36 ಸೆಕೆಂಡಿನಲ್ಲಿ ಈಜಿದಾಗ ಎರಡು ದಾಖಲೆಗಳೂ ಅವಳವೇ ಆದವು. 2023ರಲ್ಲಿ ಕೆನಡದ ಹುಡುಗಿಯೊಬ್ಬಳು ಅದನ್ನು ಮೀರಿದಾಗ ಲೋಕದ ದಾಖಲೆಯು ಸಮುದ್ರ ದಾಟಿ ಹೋಯಿತು. ಖಂಡದ್ದು ಮನೆಯಲ್ಲಿಯೇ ಉಳಿಯಿತು.

ಖಂಡದ ಸ್ಪರ್ಧೆಗಳೂ ಈ ಊರಿನಲ್ಲಿಯೇ ಹುಟ್ಟಿದವು. 1926ರ ಆಗಸ್ಟಿನಲ್ಲಿ ಮೊತ್ತಮೊದಲನೆಯ ಯುರೋಪಿಯನ್ ಈಜುಸ್ಪರ್ಧೆಯು ಬುಡಾಪೆಸ್ಟಿನಲ್ಲಿ ಗಂಡಸರಿಗೆ ಮಾತ್ರ ನಡೆಯಿತು. ಮರುವರ್ಷ ಇಟಲಿಯ ಬೊಲೋನ್ಯದಲ್ಲಿ ಖಂಡದ ಈಜುಮಂಡಲಿಯು ಸ್ಥಾಪಿತವಾಯಿತು. ಅದೇ ಊರಿನ ಸ್ಪರ್ಧೆಯಲ್ಲಿ ಸ್ತ್ರೀಯರೂ ಇಳಿದರು. 1926ರ 100 ಮೀಟರು ಸ್ಪರ್ಧೆಯನ್ನು ಗೆದ್ದ ಬಾರಾನ್ಯ್ ಇಶ್ತ್ವಾನನು 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಕಿನಲ್ಲಿ 59.8 ಸೆಕೆಂಡಿನಲ್ಲಿ ಈಜಿ ಎರಡನೆಯವನಾದನು. ಒಂದು ನಿಮಿಷದ ಗೆರೆಯನ್ನು ದಾಟಿದ ಮೊದಲನೆಯ ಯುರೋಪಿಯನನೆಂದು ಆತನಿಗೆ ಕೀರ್ತಿ. ಮೊದಲು ಬಂದವನು ಅಮೆರಿಕದ ಜಾನಿ ವೈಸ್‌ಮುಲ್ಲರ್, ಮುಂದೆ ಚಲಚ್ಚಿತ್ರಗಳಲ್ಲಿ ಟಾರ್ಜಾನನಾದವನು. ತಮಾಷೆಯೇನೆಂದರೆ, ಆತನು ಹುಟ್ಟಿದ ಹಳ್ಳಿಯು ಆ ಕಾಲಕ್ಕೆ ಹಂಗೇರಿಯ ರಾಜ್ಯಕ್ಕೇ ಸೇರಿತ್ತು. ಹಿರಿಯರಿಗೆ ಇದು ಇಂದಿಗೂ ತಮ್ಮ ಮನೆಯ ಸ್ವತ್ತನ್ನು ಪರರು ಒಯ್ದಂತೆ! 1936ರಲ್ಲಿ ಬರ್ಲಿನ್ನಿನಲ್ಲಿ ಚೀಕ್ ಫೆರೆಂಟ್ಸ್ ಎಂಬ ವೈದ್ಯಶಾಸ್ತ್ರದ ವಿದ್ಯಾರ್ಥಿಯು ಜಪಾನಿನ ಪ್ರಬಲರಾದ ಈಜುಗಾರರನ್ನು ಕರೆಯ ಅಂಚಿನಲ್ಲಿ ಈಜುತ್ತಲೇ ಸೋಲಿಸಿ 100 ಮೀಟರನ್ನು 57.6 ಸೆಕೆಂಡಿನಲ್ಲಿ ಗೆದ್ದನು. ಒಂಬತ್ತು ವರ್ಷಗಳ ತರುವಾಯ, ಯುದ್ಧದ ಕೊನೆಯ ತಿಂಗಳುಗಳಲ್ಲಿ, ಶೋಪ್ರೋನ್ ಎಂಬ ಊರಿನಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತಿರುವಾಗಲೇ ವಿಮಾನದ ಬಾಂಬಿಗೆ ಬಲಿಯಾದನು.

ಆ ಯುದ್ಧದ ಮಾತು ಬಂದ ಮೇಲೆ ಸೇಕೆಯ್ ಏವಾ ಎಂಬ ಸ್ತ್ರೀಯ ವೃತ್ತಾಂತವನ್ನು ಬಿಡುವಂತಿಲ್ಲ. ಆಕೆಯು 1927ರಲ್ಲಿ ಹುಟ್ಟಿದ ಯೆಹೂದಿ ಹುಡುಗಿ. 1941ರಲ್ಲಿ ಕುಲದ ಕಾರಣದಿಂದ ಈಜುಸಂಘದಿಂದ ಹೊರಹಾಕಲ್ಪಟ್ಟಳು. 1944ರ ಚಳಿಗಾಲದಲ್ಲಿ ಬಾಣಶಿಲುಬೆಯವರೆಂಬ ಫ್ಯಾಸಿಸ್ಟ್ ಪಕ್ಷದವರು ಯೆಹೂದಿಗಳನ್ನು ಮನೆಮನೆಯಿಂದ ಎಳೆದೊಯ್ಯುತ್ತಿದ್ದರು. ಅವಳ ಮನೆಗೂ ಒಬ್ಬ ತರುಣನು ಬಂದನು. ತಂದೆಯು ಅಡ್ಡನಿಂತು, ಇವಳು ಹಂಗೇರಿಯ ಈಜಿನ ವಿಜೇತೆ, ಇವಳ ಪ್ರಾಣ ಉಳಿಸಿದುದಕ್ಕೆ ಮುಂದೊಂದು ದಿನ ನೀನೇ ಸಂತೋಷಪಡುವೆ ಎಂದು ಬೇಡಿಕೊಂಡನಂತೆ. ತರುಣನು ಅವಳ ಹೆಸರನ್ನು ಕೇಳಿ ತಿಳಿದು ಬಿಟ್ಟುಹೋದನು. ಆತನ ಒಂದು ಕಣ್ಣು ಬೂದುಬಣ್ಣ, ಮತ್ತೊಂದು ಕಂದುಬಣ್ಣ; ಅದನ್ನು ಅವಳು ಮರೆಯಲಿಲ್ಲ. ಬಳಿಕ ಸ್ವಿಸ್ ರಕ್ಷಣೆಯ ಮನೆಯೊಂದರಲ್ಲಿ, ಎರಡು ಕೋಣೆಗಳಲ್ಲಿ ನಾಲ್ವತ್ತಕ್ಕೂ ಮಿಕ್ಕ ಜನರ ನಡುವೆ ಅಡಗಿದ್ದಳು. ನೀರಿಲ್ಲದ ಕಡೆ ಈಜುಗಾರ್ತಿಯು ಏನು ಮಾಡಬೇಕು? ಪ್ರತಿದಿನ ಬೆಳಿಗ್ಗೆ ಐದು ಅಂತಸ್ತಿನ ಮೆಟ್ಟಿಲುಗಳನ್ನು ನೂರು ಸಲ ಹತ್ತಿ ಇಳಿಯುತ್ತಿದ್ದಳು.

1950ರಲ್ಲಿ ಇದೇ ಮಾರ್ಗರೆಟ್ ದ್ವೀಪದಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಯೊಂದು ನಡೆದು ಅವಳು ಗೆದ್ದಳು. ಬಹುಮಾನ ಕೊಡಲು ಬಂದವನು ಹೊಸ ಸರ್ಕಾರದ ರಾಜಕೀಯ ಪೊಲೀಸಿನ ಒಬ್ಬ ಅಧಿಕಾರಿ. ಅವಳು ತಲೆಯೆತ್ತಿ ನೋಡಿದಳು: ಒಂದು ಕಣ್ಣು ಬೂದು, ಒಂದು ಕಂದು. ಈ ಸಂಗತಿಯನ್ನು ಹೊರಗಿನವರಾರೂ ಕಟ್ಟಿಹೇಳಿದುದಲ್ಲ, ಆಕೆಯೇ ಹೇಳಿಕೊಂಡದ್ದು. ಎರಡು ವರ್ಷಗಳಾದ ಮೇಲೆ ಹೆಲ್ಸಿಂಕಿಯ ಒಲಿಂಪಿಕ್ಕಿನಲ್ಲಿ 200 ಮೀಟರು ಎದೆಯೀಜನ್ನು 2 ನಿಮಿಷ 51.7 ಸೆಕೆಂಡಿನಲ್ಲಿ ಈಜಿ ಚಿನ್ನವನ್ನು ಪಡೆದಳು. ಆ ಕೂಟದ ಸ್ತ್ರೀಯರ ಐದು ಈಜುಸ್ಪರ್ಧೆಗಳಲ್ಲಿ ನಾಲ್ಕನ್ನು ಹಂಗೇರಿಯವರೇ ಗೆದ್ದರು. 2020ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಅದೇ ದಿನ ಮಧ್ಯಾಹ್ನ ನಾವು ಪೆಸ್ಟ್ ದಂಡೆಯಲ್ಲಿ ಪಾರ್ಲಿಮೆಂಟಿನ ಬಳಿ ನಡೆದುಹೋದೆವು. ಅಲ್ಲಿ ನೀರಿನ ಅಂಚಿನಲ್ಲಿ 2005ರಲ್ಲಿ ಇಟ್ಟ ಅರವತ್ತು ಜೊತೆ ಕಬ್ಬಿಣದ ಪಾದರಕ್ಷೆಗಳಿವೆ. ಗಂಡಸರವು, ಹೆಂಗಸರವು, ಮಕ್ಕಳವು. ಆ ಚಳಿಗಾಲದಲ್ಲಿ ಜನರನ್ನು ದಡದಲ್ಲಿ ನಿಲ್ಲಿಸಿ, ಪಾದರಕ್ಷೆಗಳನ್ನು ಬಿಚ್ಚಿಸಿ, ಗುಂಡು ಹಾರಿಸಿ ನದಿಗೆ ಬೀಳಿಸಿದರು. ಯಾರೋ ಒಂದು ಸಣ್ಣ ಪಾದರಕ್ಷೆಯಲ್ಲಿ ಹೂವನ್ನಿಟ್ಟು ಹೋಗಿದ್ದರು. ಅಲ್ಲಿಂದ ಉತ್ತರಕ್ಕೆ ನೋಡಿದರೆ ದ್ವೀಪದ ಮರಗಳು ಕಾಣುತ್ತವೆ. ನಾವು ಬಹಳ ಹೊತ್ತು ಮಾತನಾಡಲಿಲ್ಲ.

ಈಗ ದೊಡ್ಡ ಸ್ಪರ್ಧೆಗಳು ದ್ವೀಪವನ್ನು ಬಿಟ್ಟು ಪೆಸ್ಟ್ ದಂಡೆಯಲ್ಲಿ 2017ರ ಲೋಕಸ್ಪರ್ಧೆಗಾಗಿ ಕಟ್ಟಿದ ಡೂನಾ ಅರೇನಾ ಎಂಬ ವಿಶಾಲ ಭವನಕ್ಕೆ ಹೋಗಿವೆ. ಮರುದಿನ ಅದನ್ನೂ ನೋಡಿದೆವು. ಎಲ್ಲವೂ ಗಾಜು, ಉಕ್ಕು, ದೀಪ. ವರ್ಣಿಸಲು ನಮಗೆ ಹೆಚ್ಚೇನೂ ತೋಚಲಿಲ್ಲ. ಆದರೆ ನೀರು ಅಲ್ಲಿಯೂ ಉದಾರವಾಗಿಯೇ ಇದೆ. 2022ರ ಜೂನಿನಲ್ಲಿ ಅಲ್ಲಿ ನಡೆದ ಲೋಕಸ್ಪರ್ಧೆಯಲ್ಲಿ ಫ್ರಾನ್ಸಿನ ಲಿಯಾನ್ ಮಾರ್ಷಾಂ ಎಂಬ ತರುಣನು 400 ಮೀಟರು ಮಿಶ್ರಶೈಲಿಯನ್ನು 4 ನಿಮಿಷ 4.28 ಸೆಕೆಂಡಿನಲ್ಲಿ ಈಜಿ, ಚೆಹ್‌ನ ಹದಿನಾಲ್ಕು ವರ್ಷದ ಖಂಡದಾಖಲೆಯನ್ನು ಚೆಹ್‌ನ ಊರಿನಲ್ಲಿಯೇ ಮುರಿದನು. ಅದಾಗಿ ಕೆಲವೇ ದಿನಗಳಲ್ಲಿ ಊರಿನವನೇ ಆದ ಮಿಲಾಕ್ ಕ್ರಿಸ್ಟೋಫನು 200 ಮೀಟರು ಚಿಟ್ಟೆಯೀಜಿನಲ್ಲಿ 1 ನಿಮಿಷ 50.34 ಸೆಕೆಂಡಿನ ಲೋಕದಾಖಲೆಯನ್ನು ಸ್ಥಾಪಿಸಿದನು. 2019ರಲ್ಲಿಯೇ ಫೆಲ್ಪ್ಸನ ಹಳೆಯ ದಾಖಲೆಯನ್ನು ಆತನು ಮುರಿದಿದ್ದನು. ಈಗ ಮುರಿದದ್ದು ತನ್ನದನ್ನೇ. ಅದೇ 2019ರ ಆಗಸ್ಟಿನಲ್ಲಿ ಕಿರಿಯರ ಲೋಕಸ್ಪರ್ಧೆಯು ಇಲ್ಲಿ ನಡೆದಾಗ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಎಂಬ ಹದಿನೆಂಟರ ಹುಡುಗನೂ ಇದೇ ನೀರಿನಲ್ಲಿ ಬೆನ್ನೀಜು ಈಜಿದ್ದನು. ಎರಡು ವರ್ಷಗಳ ಮೇಲೆ ಟೋಕಿಯೋ ಒಲಿಂಪಿಕ್ಕಿಗೂ ಹೋದನು. ನಮ್ಮ ಖಂಡದ ಮೊದಲ ಕ್ರೀಡಾಕೂಟವು 1951ರಲ್ಲಿ ದೆಹಲಿಯಲ್ಲಿ ನಡೆದಾಗ ಸಚಿನ್ ನಾಗ್ ಎಂಬುವರು 100 ಮೀಟರು ಈಜಿನಲ್ಲಿ ಚಿನ್ನವನ್ನು ಗೆದ್ದಿದ್ದರೆಂಬುದನ್ನು ಇಂದು ನಮ್ಮಲ್ಲಿ ಎಷ್ಟು ಜನ ಬಲ್ಲರು?

ಬೆನ್ನೀಜೆಂದರೆ ಆ ಊರಿನವರಿಗೆ ಒಂದೇ ಹೆಸರು. ಎಗೆರ್ಸೆಗಿ ಕ್ರಿಸ್ಟಿನಾ 1988ರಲ್ಲಿ ಸೋಲ್ ಒಲಿಂಪಿಕ್ಕಿನಲ್ಲಿ 200 ಮೀಟರು ಬೆನ್ನೀಜನ್ನು ಗೆದ್ದಾಗ ಅವಳಿಗೆ ಹದಿನಾಲ್ಕು ವರ್ಷ. ಅವಳ ಹೆಸರಿನ ಮೊದಲ ಭಾಗವು ಇಲಿಯೆಂಬ ಪದವನ್ನು ಹೋಲುವುದರಿಂದ ಜನರು ಪ್ರೀತಿಯಿಂದ ‘ಇಲಿಮರಿ’ ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತ ಪೂರ್ವ ಜರ್ಮನಿಯ ಬಲಿಷ್ಠ ಯುವತಿಯರ ಎದುರಿಗೆ ಅವಳು ಹಾಗೆಯೇ ಕಾಣುತ್ತಿದ್ದಳಂತೆ. 1991ರಲ್ಲಿ ಅಥೆನ್ಸಿನ ಯುರೋಪಿಯನ್ ಸ್ಪರ್ಧೆಯಲ್ಲಿ ಅವಳು 200 ಮೀಟರನ್ನು 2 ನಿಮಿಷ 6.62 ಸೆಕೆಂಡಿನಲ್ಲಿ ಈಜಿದಳು. ಖಂಡದ ಸ್ಪರ್ಧೆಯಲ್ಲಿ ಹುಟ್ಟಿದ ಈ ಲೋಕದಾಖಲೆಯನ್ನು ಹದಿನಾರು ವರ್ಷಗಳಿಗೂ ಹೆಚ್ಚುಕಾಲ ಯಾರೂ ಮುಟ್ಟಲಾರದೆ ಹೋದರು. 2008ರ ಆರಂಭದಲ್ಲಿ ಅದನ್ನು ಮೀರಿದವಳು ಜಿಂಬಾಬ್ವೆಯ ಕರ್ಸ್ಟಿ ಕವೆಂಟ್ರಿ, 2025ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾಗಿ ಆಯ್ಕೆಯಾದವಳು.

ಹೊರಡುವ ದಿನ ರೈಲಿಗೆ ಇನ್ನೂ ಮೂರು ಗಂಟೆ ಕಾಲವಿತ್ತು. ಮತ್ತೆ ದ್ವೀಪಕ್ಕೆ ಹೋದೆವು. ಹಿರಿಯರು ಅದೇ ಮೆಟ್ಟಿಲ ಮೇಲಿದ್ದರು. ಅವರ ಮೊಮ್ಮಗಳು, ಆರೇಳು ವರ್ಷದ ಮಗು, ಆ ಬೆಳಿಗ್ಗೆ ಮೊದಲ ಸಲ ಆಸರೆಯಿಲ್ಲದೆ ಗೋಳದ ಅಗಲವನ್ನು ದಾಟಬೇಕಾಗಿತ್ತು. ಕಲಿಸುವಾಕೆಯು ಉದ್ದನೆಯ ಕೋಲನ್ನು ಮಗುವಿನ ಮುಂದೆ ಹಿಡಿದು ದಡದ ಮೇಲೆ ಹಿಂದೆ ಹಿಂದೆ ನಡೆಯುತ್ತಿದ್ದಳು. ಮಗುವಿಗೆ ಅದನ್ನು ಹಿಡಿಯಬೇಕೆಂಬ ಆಸೆ, ಹಿಡಿಯಬಾರದೆಂಬ ಹಟ. ನಡುವಿನಲ್ಲಿ ಒಮ್ಮೆ ತಲೆಯು ಪೂರ್ತಿ ಮುಳುಗಿತು. ನಾವು ಅರಿಯದೆಯೇ ಎದ್ದು ನಿಂತಿದ್ದೆವು. ಹಿರಿಯರು ಎದ್ದಿರಲಿಲ್ಲ, ಅವರ ಕಣ್ಣು ಕೈಗಡಿಯಾರದ ಮೇಲಿತ್ತು. ಮಗುವು ಮೇಲೆ ಬಂದು, ಕೆಮ್ಮಿ, ಮತ್ತೆ ಕೈಬೀಸಿ ಎದುರು ಗೋಡೆಯನ್ನು ಮುಟ್ಟಿ, ಅಲ್ಲಿಂದಲೇ ಅಜ್ಜನನ್ನು ಕೂಗಿ ಏನನ್ನೋ ಕೇಳಿತು. ಏನೆಂದು ನಾವು ವಿಚಾರಿಸಲು, ಎಷ್ಟು ಹೊತ್ತಾಯಿತೆಂದು ಕೇಳುತ್ತಿದ್ದಾಳೆ ಎಂದು ಅವರು ಹೇಳಿ, ಜೇಬಿನಿಂದ ಸಣ್ಣ ಪುಸ್ತಕವೊಂದನ್ನು ತೆಗೆದು ತಾರೀಖನ್ನೂ ಕಾಲವನ್ನೂ ಬರೆದುಕೊಂಡರು.